ಹೆಸರುಗುಡ್ಡ

ತೊರೆಬಾಗಿಲಿನ ಅಳಿವೆಯ ಬಡಗಣ ದಂಡೆಯಲ್ಲಿ, ಮೀನು ಒಣಗಿಸುವ ಬಯಲಿನ ಹಿಂದೆ, ಬೋಳು ಮುರಕಲ್ಲಿನ ಗುಡ್ಡವೊಂದಿದೆ. ಗುಡಿಯಿಲ್ಲ, ಮರವಿಲ್ಲ; ನೆತ್ತಿಯಲ್ಲಿ ಸವೆದ ಹಾಸುಗಲ್ಲೊಂದೇ. ಇದರ ಹೆಸರು ಹೆಸರುಗುಡ್ಡ. ಇಡಲು ಬೇರೆ ಹೆಸರೇ ಸಿಗಲಿಲ್ಲವೇ ಎಂದು ಹೊಸಬರು ನಗುತ್ತಾರೆ. ಕತೆ ಕೇಳಿದ ಮೇಲೂ ನಕ್ಕವರನ್ನು ನಾನು ಕಂಡಿಲ್ಲ.

ಹಿಂದೆ ಒಮ್ಮೆ ಬಡಗಣ ಸೀಮೆಯಲ್ಲಿ ಕ್ಷೋಭೆಯೆದ್ದು, ಜನ ಎರಡು ಹಾಯಿಹಡಗು ಹತ್ತಿ ಊರು ಬಿಟ್ಟರು ಎನ್ನುತ್ತಾರೆ. ಮೊದಲ ಹಡಗಿನಲ್ಲಿ ಹೆಂಗಸರು, ಮಕ್ಕಳು, ಮುದುಕರು; ಎರಡನೆಯದರಲ್ಲಿ ಗಂಡಸರು. ಮೊದಲ ಹಡಗು ರೇವು ರೇವಿಗೂ ಒಂದಷ್ಟು ಜನರನ್ನು ಇಳಿಸುತ್ತ ತೆಂಕಣಕ್ಕೆ ಸಾಗಿತು. ಇಲ್ಲಿ ಇಳಿದವರನ್ನು ಬಂದರಿನ ಶಾನುಭೋಗರು ಕಡತದಲ್ಲಿ ಬರೆದುಕೊಂಡರು. ಆಗಿನ ಕ್ರಮದಂತೆ ಎಲ್ಲವೂ ಯಜಮಾನನ ಹೆಸರಿನಲ್ಲೇ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸು ಕುಂದುತ್ತದೆಂದು ನಂಬಿದ್ದ ಕಾಲ. ಹೆಂಡತಿಯರ ಪರವಾಗಿ ಅತ್ತೆಯೋ ಮಗುವೋ ಹೇಳುತ್ತಿತ್ತು. ಕಂಚುಗಾರರ ದ್ವಾರಕಿಗೆ ಅತ್ತೆಯೂ ಇಲ್ಲ, ಮಗುವೂ ಇಲ್ಲ, ಹಡಗಿನಲ್ಲಿ ಅವಳ ಊರಿನವರೂ ಇರಲಿಲ್ಲ. ಶಾನುಭೋಗರು ಎರಡು ಸಲ ಕೇಳಿದರು.

"ಹಿಂದಿನ ಹಡಗಲ್ಲಿ ಬರ್ತಾರೆ. ಅವರನ್ನೇ ಕೇಳಿ," ಎಂದಳು ದ್ವಾರಕಿ.

ಅವರು ಆ ಸಾಲನ್ನು ಖಾಲಿ ಬಿಟ್ಟು, ಅವಳನ್ನು ಹೊಳೆಯಾಚೆಯ ಹಳ್ಳಿಗೆ ಕಳಿಸಿದರು.

ಹನ್ನೆರಡು ದಿನದ ಮೇಲೆ ಎರಡನೆಯ ಹಡಗು ಬಂದು ಒಂದು ಉಬ್ಬರದ ಹೊತ್ತು ನಿಂತಿತು. ಅಂದು ಕಡತದ ಮುಂದೆ ಕೂತವನು ಶಾನುಭೋಗರ ಅಳಿಯ. ಸಾಂತಪ್ಪನೆಂಬ ಕಂಚುಗಾರ ಬಂದು ತನ್ನ ಹೆಸರಿನಲ್ಲಿ ಯಾರಾದರೂ ಇಳಿದಿದ್ದಾರೆಯೇ ಎಂದು ಕೇಳಿದ. ಅಳಿಯ ಕಡತವನ್ನು ಮೇಲಿನಿಂದ ಕೆಳಗೆ ನೋಡಿದ, ಸಾಂತಪ್ಪನೆದುರೇ ಮತ್ತೊಮ್ಮೆ ನೋಡಿದ, ಇಲ್ಲ ಎಂದ. ಹಾಗಾದರೆ ಮುಂದಿನ ರೇವಿನಲ್ಲಿರಬೇಕೆಂದು ಆತ ಹಡಗಿಗೆ ಮರಳಿದ.

ಹಡಗು ಬಂದ ಸುದ್ದಿ ಕೇಳಿ ದ್ವಾರಕಿ ಹೊಳೆ ದಾಟಿ ಓಡಿ ಬರುವಷ್ಟರಲ್ಲಿ ಹಾಯಿ ಅಳಿವೆಯನ್ನು ದಾಟಿತ್ತು. ಅಳಿಯ ಹೇಳಿದ್ದನ್ನೆಲ್ಲ ಕೇಳಿ ಅವಳು ಕಡತದ ಮುಂದೆ ನಿಂತಳು.

"ಈಗ ಬರೆದುಕೊಳ್ಳಿ. ಸಾಂತಪ್ಪ."

ಆಯಸ್ಸು ಕಾಯಲು ಹೋಗಿ ಆಳನ್ನೇ ಕಳೆದುಕೊಂಡಳು, ಪಾಪ. ಗುಡ್ಡ ಹತ್ತಿ, ಹಾಯಿ ಕಣ್ಮರೆಯಾಗುವವರೆಗೂ ಆ ಹೆಸರನ್ನು ಕೂಗಿದಳು. ಆಮೇಲೆ ಬದುಕಿರುವಷ್ಟು ಕಾಲ, ಯಾವ ಹಾಯಿ ಕಂಡರೂ ಬಂದು ಕೂಗಿದಳಂತೆ. ಅವನು ಬರಲಿಲ್ಲ.

ಇಂದಿಗೂ ಮದುವೆಯಾದ ಹೆಂಗಸರು ಒಮ್ಮೆಯಾದರೂ ಈ ಗುಡ್ಡ ಹತ್ತಿ, ಹಾಸುಗಲ್ಲಿನ ಮೇಲೆ ನಿಂತು, ಕಡಲಿಗೆ ಮುಖಮಾಡಿ ಗಂಡನ ಹೆಸರು ಕೂಗುತ್ತಾರೆ. ಅಜ್ಜ ತೀರಿಕೊಂಡ ವರ್ಷ ನನ್ನ ಅಜ್ಜಿಯೂ ಹತ್ತಿದ್ದರು. ಐವತ್ತು ವರ್ಷ "ಇವರೇ" ಎಂದೇ ಕರೆದವರು ಅಂದು "ಪದ್ಮಯ್ಯ" ಎಂದು ಕೂಗಿ, ಸೆರಗನ್ನು ಕಿವಿಯಿಂದ ಸರಿಸಿ, ತುಸು ಹೊತ್ತು ನಿಂತೇ ಇದ್ದರು.