ತೆಗಿಮಗನ ದಿಬ್ಬ

ಘಟ್ಟದ ಮೂಡಲಿಗೆ, ಕಾಡು ಮುಗಿದು ಬಯಲು ಮೊದಲಾಗುವಲ್ಲಿ ಬೈಲಗೇರಿ ಎಂಬ ಸಣ್ಣ ಪಟ್ಟಣವಿದೆ. ಸುತ್ತಲ ಸೀಮೆಗೆಲ್ಲ ಮೊದಲು ಹೆಣ್ಣುಮಕ್ಕಳ ಶಾಲೆ ತೆರೆದ, ಜಾತಿ ಕೇಳದೆ ಮದುವೆ ಮಾಡಿಸುವ ಊರೆಂದು ಅದಕ್ಕೆ ಹೆಸರು. ಅದರ ಹಳೆಯ ಅಗಸೆ ಬಾಗಿಲಿನ ಎದುರಿಗೇ ಒಂದು ಬೋಳು ದಿಬ್ಬವಿದೆ. ಅದನ್ನು ತೆಗಿಮಗನ ದಿಬ್ಬ ಎನ್ನುತ್ತಾರೆ. ತೆಗಿಮಗ ಎಂಬ ರಕ್ಕಸ ಅಲ್ಲಿದ್ದನೆಂದು ಊರಿನವರು ತಲೆಮಾರುಗಳಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದರು. ಕಾಡಿನ ಸಿದ್ದಿಯರು ಹೇಳುವ ಕಥೆಯೇ ಬೇರೆ.

ಹಿಂದೆ ಒಮ್ಮೆ, ಊರಿಗೆ ಕೋಟೆಗೋಡೆಯೂ ದೇಸಾಯಿಯೂ ಇದ್ದ ಕಾಲದಲ್ಲಿ, ಸಿದ್ದಿಯರ ಗುಡಿಸಲುಗಳು ಗೋಡೆಯ ಹೊರಗೆ ಕಾಡಿನ ಮಗ್ಗುಲಲ್ಲಿದ್ದವು. ಅವರ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ಹೇರಿ ತಂದು ಗೋವೆಯಲ್ಲಿ ಮಾರಿದ್ದರು. ಅವರ ಕಪ್ಪು ಮೈ, ಗುಂಗುರು ಕೂದಲು ಕಂಡರೆ ಊರಿನವರು ಮುಖ ತಿರುಗಿಸುತ್ತಿದ್ದರು. ಆದರೂ ದೇಸಾಯಿಯ ಮನೆಯಲ್ಲಿ ಬಾಣಂತಿ ತೀರಿಕೊಂಡಾಗ ಆ ಕೂಸಿಗೆ ಹಾಲೂಡಿಸಿದವಳು ಸಿದ್ದಿಯರ ಲುಸಿಯಾ. ಹಿತ್ತಲ ಬಾಗಿಲಿನಿಂದ ಬಂದು, ಹಿತ್ತಲಲ್ಲೇ ಕುಳಿತು, ತನ್ನ ಮಗಳ ಪಾಲಿನ ಹಾಲನ್ನು ಅವನಿಗೆ ಕೊಟ್ಟಳು. ಅಪ್ಪೂ ಎಂದು ಮೊದಲು ಕರೆದವಳೂ ಅವಳೇ. ಅಪ್ಪೂ ಬೆಳೆದು ದೇಸಾಯಿಯಾದ, ಲುಸಿಯಾ ಮುದುಕಿಯಾದಳು.

ಒಂದು ಬೇಸಿಗೆಯ ಮಧ್ಯಾಹ್ನ ಕಾಡಿಗೆ ಬೆಂಕಿ ಬಿತ್ತು. ಹಳ್ಳ ಬತ್ತಿತ್ತು, ಗಾಳಿ ಊರ ಕಡೆಗಿತ್ತು. ಗುಡಿಸಲುಗಳು ಹತ್ತಿ ಉರಿಯುತ್ತಿರಲು ಲುಸಿಯಾ ತನ್ನ ಮೊಮ್ಮಗಳು ಅನ್ನಿಯನ್ನು ಸೊಂಟಕ್ಕೇರಿಸಿ ಅಗಸೆಗೆ ಓಡಿದಳು, ಹಿಂದೆಯೇ ಉಳಿದವರು. ಕದ ಮುಚ್ಚಿತ್ತು. ಒಳಗಿನ ಕೆರೆಗೆ ಇವರು ಇಳಿದರೆ ನೀರು ಮೈಲಿಗೆಯಾಗುತ್ತದೆಂದು ಊರ ಹಿರಿಯರು ಅಗಳಿ ಹಾಕಿಸಿದ್ದರು. ಬಡಿದು ಬಡಿದು ಅಂಗೈ ಸುಲಿದ ಮೇಲೆ ಆಕೆ ಎದುರಿನ ದಿಬ್ಬ ಹತ್ತಿದಳು. ಅಲ್ಲಿಂದ ಗೋಡೆಯ ಒಳಗೆ ಕದದ ಬಳಿ ನಿಂತ ದೇಸಾಯಿ ಕಂಡ.

“ಅಪ್ಪೂ! ಬಾಗಲಾ ತೆಗಿ, ಮಗಾ! ನಾ ಹೊರಗ ಇರ್ತೀನಿ, ಈ ಕೂಸಿನ್ನ ಒಳಗ ತಗೋ! ತೆಗಿ, ಮಗಾ!”

ಅವನು ಕತ್ತೆತ್ತಿ ನೋಡಿದ. ಅಗಳಿಯ ಮೇಲೆ ಕೈಯಿಟ್ಟ. “ಧಣಿ, ಮಂದಿ ಏನಂದಾರು?” ಎಂದರು ಪಕ್ಕದಲ್ಲಿದ್ದ ಹಿರಿಯರೊಬ್ಬರು. ಅವನು ಕೈ ಹಿಂದಕ್ಕೆಳೆದುಕೊಂಡ. ಹೊಗೆ ದಿಬ್ಬವನ್ನು ಮುಚ್ಚಿದ ಮೇಲೂ ಬಹಳ ಹೊತ್ತು ಆ ಕೂಗು ಕೇಳುತ್ತಿತ್ತು ಎನ್ನುತ್ತಾರೆ. ಬೆಂಕಿ ಆರಿ ಕದ ತೆರೆದಾಗ ಲುಸಿಯಾ ಮೊಮ್ಮಗಳನ್ನು ಮೈಯಿಂದ ಮುಚ್ಚಿ ಬೋರಲು ಬಿದ್ದಿದ್ದಳು. ಇಬ್ಬರಲ್ಲೂ ಉಸಿರಿರಲಿಲ್ಲ. ದಿಕ್ಕಾಪಾಲಾಗಿ ಓಡಿ ಬದುಕಿದವರು ಕಾಡಿನೊಳಗೆ ದೂರ ಹೋಗಿ ನೆಲೆಸಿದರು. ಊರು ಆ ಕೂಗನ್ನೇ ರಕ್ಕಸನ ಹೆಸರು ಮಾಡಿಕೊಂಡಿತು.

ಈಚೆಗೆ ಪುರಸಭೆಯವರು ದಿಬ್ಬದ ಮೇಲೆ ರಕ್ಕಸನ ಬೊಂಬೆ ನಿಲ್ಲಿಸಿ ಉದ್ಯಾನ ಮಾಡಹೊರಟಾಗ ಜುವಾನಾ ಎಂಬ ಸಿದ್ದಿ ಮುದುಕಿ ಸಭೆಗೆ ಬಂದು ಇದೆಲ್ಲವನ್ನೂ ಹೇಳಿದಳು. ನಮ್ಮ ಊರು ಅಂಥದ್ದಲ್ಲವೆಂದು ಜನ ಮೊದಲು ಸಿಟ್ಟಾದರು. ಎಷ್ಟೋ ಸಭೆಗಳು ಜಗಳದಲ್ಲೇ ಮುರಿದವು. ಕೊನೆಗೆ ತಲೆತಗ್ಗಿಸಿ, ಲುಸಿಯಮ್ಮನಿಗೆ ಗುಡಿ ಕಟ್ಟುತ್ತೇವೆ ಎಂದರು.

“ಗುಡಿ ಬ್ಯಾಡ್ರಿ,” ಎಂದಳು ಜುವಾನಾ. “ಆಕಿ ದೇವರಲ್ಲ, ನಮ್ಮ ಅಜ್ಜಿ. ಆಗಿದ್ದು ಬರೀರಿ.”

ಇಂದು ಅಲ್ಲಿಗೆ ಹೋದವರಿಗೆ ಗುಡಿಯೂ ಇಲ್ಲ, ನೆರಳಿಗೊಂದು ಮರವೂ ಇಲ್ಲ. ಬಿಸಿಲಲ್ಲಿ ನಿಂತ ಒಂದು ಕಲ್ಲು ಕಾಣುತ್ತದೆ. ಅದರ ಮೇಲೆ ಲುಸಿಯಾ, ಅನ್ನಿ ಎಂಬ ಎರಡು ಹೆಸರು. ಕೆಳಗೆ ಒಂದೇ ಸಾಲು: ‘ಊರಿಗೆ ಕೇಳಿಸಿತ್ತು.’