ಜಗಲಿಗೆ ಬಂದ ಪರೀಕ್ಷೆ

ಪೂಜ್ಯ ಮದರ್ ಅಪೊಲೋನಿಯಾನವರು ಹೊನ್ನಗೆರೆಯಲ್ಲಿ ಹೆಣ್ಣುಮಕ್ಕಳಿಗಾಗಿ ಹೈಸ್ಕೂಲು ತೆರೆದಾಗ ಅದಕ್ಕೊಂದು ಕಟ್ಟಡವೂ ಇರಲಿಲ್ಲ. ಹಳೆಯ ಹತ್ತಿ ಗೋದಾಮೇ ಶಾಲೆ, ಅದರ ಮೂಲೆಯೇ ಪ್ರಾರ್ಥನಾಮಂದಿರ. ಮಂಗಳೂರಿನ ಕಡೆಯವರಾದ ಮದರ್ ಇದ್ದಿಲು, ಹಾಗಲಸೊಪ್ಪು ಅರೆದು ಕರಿಹಲಗೆಗೆ ತಾವೇ ಬಳಿಯುತ್ತಿದ್ದರು. ಹೆಣ್ಣುಮಕ್ಕಳಿಗೆ ಬೀಜಗಣಿತವೇಕೆ ಎಂದು ನಗುವ ದೊಡ್ಡ ಮನುಷ್ಯರಿಗೆ ಊರಲ್ಲಿ ಬರವಿರಲಿಲ್ಲ.

ಬಡತನಕ್ಕಿಂತ ಮದರ್ ಅವರನ್ನು ಕಾಡಿದ್ದು ಒಂದು ಪದ್ಧತಿ. ಮುಟ್ಟಾದ ಹುಡುಗಿಯರನ್ನು ಮನೆಯವರು ತಿಂಗಳು ತಿಂಗಳೂ ಶಾಲೆ ಬಿಡಿಸಿ ಮೂಲೆಯಲ್ಲಿ ಕೂರಿಸುತ್ತಿದ್ದರು. ಪಾಠ ಕಾಯುತ್ತದೆಯೇ? ಜಾಣೆಯರೂ ಹಿಂದೆ ಬೀಳುತ್ತಿದ್ದರು.

ಮೊದಲ ತಂಡದ ಹುಡುಗಿಯರಲ್ಲಿ ಯಾರು ಮೆಟ್ರಿಕ್‌ಗೆ ಕೂರಬಹುದೆಂದು ತೀರ್ಮಾನಿಸುವ ಪರೀಕ್ಷೆ ಅಂದು. ಅಗ್ರಹಾರದ ಕನಕವಲ್ಲಿ ಮುಟ್ಟಾದುದನ್ನು ಮುಚ್ಚಿಟ್ಟು ಬಂದಿದ್ದಳು. ಪರೀಕ್ಷೆ ತಪ್ಪಿದರೆ ಶಾಲೆ ಬಿಡಿಸಿ ಮದುವೆ ಮಾಡುವುದೆಂದು ಮನೆಯಲ್ಲಿ ಮಾತಾಗಿತ್ತು. ಆದರೆ ಅವಳ ಅಜ್ಜಿ ರಂಗನಾಯಕಮ್ಮನವರ ಕಣ್ಣು ತಪ್ಪಿಸುವುದುಂಟೇ? ಗಂಟೆ ಬಾರಿಸುವಷ್ಟರಲ್ಲಿ ಅವರು ಶಾಲೆಯ ಅಂಗಳದಲ್ಲಿ ನಿಂತು, "ಏಳೇ, ಮನೆಗೆ ನಡಿ! ಎಲ್ಲರನ್ನೂ ಮುಟ್ಟಿಕೊಂಡು ಕೂತಿದೀಯಲ್ಲ, ನಾಚಿಕೆ ಆಗಲ್ವಾ?" ಎಂದು ಗದರಿದರು.

ಹುಡುಗಿ ಅಳುತ್ತ ಹೊರಬಂದು, ರೂಢಿಯಂತೆ ಜಗಲಿಯ ತುದಿಯಲ್ಲಿ ಮುದುಡಿ ಕುಳಿತಳು. ಮದರ್ ಬಾಗಿಲಿಗೆ ಬಂದರು.

"ಅವಳು ಒಳಗೆ ಕೂರಬಾರದು, ಅಷ್ಟೇ ಅಲ್ಲವಾ ಅಮ್ಮ?"

"ಅಷ್ಟೇ. ನಾಲ್ಕು ಜನರ ಜೊತೆ ಒಳಗೆ ಕೂರೋ ಹಾಗಿಲ್ಲ."

ಮದರ್ ಹಿಂತಿರುಗಿ, "ಮಕ್ಕಳೇ, ಮಣೆ ತೆಗೆದುಕೊಂಡು ಎಲ್ಲರೂ ಹೊರಗೆ ಬನ್ನಿ" ಎಂದರು.

ಇಂಥ ಉಪಾಯಕ್ಕೆ ಎದೆಗಾರಿಕೆ ಬೇಕು. ಜೊತೆಗಿದ್ದ ಸಿಸ್ಟರ್ ಬಿಯಾತ್ರಿಸ್ ಹೌಹಾರಿ, "ಮದರ್, ಊರಿನವರೆಲ್ಲ ಮಕ್ಕಳನ್ನು ಬಿಡಿಸಿಯಾರು. ಶಾಲೆ ಮುಚ್ಚಬೇಕಾದೀತು" ಎಂದು ಪಿಸುಗುಟ್ಟಿದರು.

"ಮುಚ್ಚಲಿ. ಇವಳನ್ನು ಓಡಿಸಿ ಉಳಿಸಿಕೊಳ್ಳುವ ಶಾಲೆ ನನಗೆ ಬೇಡ."

ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕನಕವಲ್ಲಿಯ ಪಕ್ಕದಲ್ಲೇ ಸಾಲಾಗಿ ಕುಳಿತರು. ಮದರ್ ಅವಳ ಕಣ್ಣೊರೆಸಿ, ಕೈಹಿಡಿದು ಪ್ರಶ್ನೆಪತ್ರಿಕೆಯನ್ನಿತ್ತರು.

"ಮುಟ್ಟಬೇಡಿ! ದೇವರ ಪೂಜೆ ಮಾಡೋರು ನೀವು!" ಅಜ್ಜಿ ಕೂಗಿದರು.

ಮದರ್ ಆ ಕೈಯನ್ನು ಬಿಡಲಿಲ್ಲ. "ನಮ್ಮ ಧರ್ಮಗ್ರಂಥದಲ್ಲಿದೆ: ವರ್ಷಗಟ್ಟಲೆ ರಕ್ತಸ್ರಾವದಿಂದ ನೊಂದ ಹೆಂಗಸೊಬ್ಬಳು ನಮ್ಮ ಸ್ವಾಮಿಯ ಉಡುಪಿನ ಅಂಚನ್ನು ಮುಟ್ಟಿದಳು, ಅಮ್ಮ. ಸ್ವಾಮಿ ಸ್ನಾನಕ್ಕೆ ಓಡಲಿಲ್ಲ. 'ಮಗಳೇ' ಎಂದು ಕರೆದರು."

ರಂಗನಾಯಕಮ್ಮನವರು ಸಿಟ್ಟಿನಿಂದ ಹೊರಡುವರೆಂದು ಎಲ್ಲರೂ ಎಣಿಸಿದ್ದರು. ಅವರು ಹೊರಡಲಿಲ್ಲ, ಅಂಗಳದಲ್ಲೇ ಕುಸಿದು ಕುಳಿತರು. ಮಕ್ಕಳು ಲೆಕ್ಕ ಬಿಡಿಸತೊಡಗಿದರು. ಅಷ್ಟರಲ್ಲಿ ಗಾಳಿ ಬೀಸಿ ಕನಕವಲ್ಲಿಯ ಉತ್ತರದ ಹಾಳೆ ಹಾರಿ ಅಜ್ಜಿಯ ಕಾಲ ಬಳಿ ಬಿತ್ತು. ಹುಡುಗಿ ಏಳಲೂ ಹೆದರಿದಳು. ಆ ವೃದ್ಧೆ ಹಾಳೆ ಎತ್ತಿಕೊಂಡು ಜಗಲಿ ಹತ್ತಿ, ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟರು. ಮಡಿ ಅಲ್ಲಿಗೆ ಮುಗಿಯಿತು.

"ನನ್ನ ಚೊಚ್ಚಲ ಮಗು ಜ್ವರ ಬಂದು ತೀರಿಹೋದಾಗ ನಾನು ಹೀಗೇ ಮುಟ್ಟಾಗಿ ಕೊಟ್ಟಿಗೆಯಲ್ಲಿ ಕೂತಿದ್ದೆ ಕಣೇ. ಅಮ್ಮಾ ಅಂತ ಕೂಗ್ತಾನೇ ಇತ್ತು. ಎತ್ಕೊಳ್ಳೋಕೆ ಬಿಡಲಿಲ್ಲ." ಹಾಳೆಯನ್ನು ಅವಳ ಮುಂದಿಟ್ಟರು. "ನೀನು ಬರಿ."

ಭಗವಂತನ ಕೃಪೆ ಯಾವ ಬಾಗಿಲಿನಿಂದ ಬರುವುದೋ ಬಲ್ಲವರಾರು! ಕನಕವಲ್ಲಿ ತೇರ್ಗಡೆಯಾದಳು. ಕೆಲವರು ಮಕ್ಕಳನ್ನು ಬಿಡಿಸಿದ್ದೂ ನಿಜ. ಮದರ್ ಯಾರ ಕಾಲೂ ಹಿಡಿಯಲಿಲ್ಲ. ಮರುತಿಂಗಳು ಅದೇ ದಿನಗಳಲ್ಲಿ ರಂಗನಾಯಕಮ್ಮನವರು ಮೊಮ್ಮಗಳ ಕೈಹಿಡಿದು, ಹಾಡಹಗಲೇ ಅಗ್ರಹಾರದ ನಡುಬೀದಿಯಲ್ಲಿ ಶಾಲೆಗೆ ನಡೆದರು.

"ಏನ್ರೀ ರಂಗನಾಯಕಮ್ಮ, ಮಡಿ ಹೋಯ್ತಲ್ರೀ!" ಎಂದು ಯಾರೋ ಜಗಲಿಯಿಂದ ಕೂಗಿದರು.

ಅವರು ನಿಲ್ಲದೆಯೇ ಹೇಳಿದರು: "ಹೋದ ಮಡಿ ಒಂದು ಬಿಂದಿಗೆ ನೀರಿಗೆ ವಾಪಸ್ ಬರುತ್ತೆ. ಹೋದ ಮಗು ಬರುತ್ತಾ?"