ಎದುರುಗುಡ್ಡದ ಕಾಯಿಗೆ ಯಾವ ಕೋವಿ?

"ಗುರುಗಳೇ, ದೂರದ ಗುರಿಗೆ ದೊಡ್ಡ ಗುಂಡಿನ ರೈಫಲ್ ಒಳ್ಳೆಯದೋ, ಸಣ್ಣ ಗುಂಡಿನದೋ?"

ಲೋಹಿತ ಹೀಗೆ ಕೇಳಿದಾಗ ಪೂಣಚ್ಚ ಮಾಸ್ತರರು ರೈಫಲಿನ ನಳಿಕೆ ಒರೆಸುತ್ತಿದ್ದರು. ಸೈನ್ಯದಿಂದ ನಿವೃತ್ತರಾದ ಮೇಲೆ ಅವರು ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ಲೋಹಿತ ಅವರ ಶಿಷ್ಯರಲ್ಲಿ ಚುರುಕಾದವನು, ಅವಸರದವನೂ ಹೌದು. ರಾಜ್ಯ ತಂಡದ ಆಯ್ಕೆಗೆ ಯಾವ ಅಳತೆಯ ರೈಫಲ್ ಹಿಡಿಯುತ್ತೇನೆಂದು ಅವನು ಮರುದಿನವೇ ತಿಳಿಸಬೇಕಿತ್ತು. ಒಮ್ಮೆ ತಿಳಿಸಿದ ಮೇಲೆ ಬದಲಾಯಿಸುವಂತಿರಲಿಲ್ಲ.

"ನಿನಗೇನು ಅನ್ನಿಸುತ್ತದೆ?" ಎಂದರು ಮಾಸ್ತರರು.

"ದೊಡ್ಡದೇ ಸರಿ ಅನ್ನಿಸುತ್ತದೆ. ಸಣ್ಣ ಗುಂಡನ್ನು ಗಾಳಿ ಎಳೆದುಕೊಂಡು ಹೋಗುತ್ತದೆ. ದೊಡ್ಡದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆದರೂ ಕೆಲವರು ಸಣ್ಣದನ್ನೇ ಹಿಡಿ ಅನ್ನುತ್ತಾರೆ."

"ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ಕೂತುಕೋ ಮಾರಾಯ, ನಿಂತು ಕೇಳುವ ಕತೆಯಲ್ಲ ಇದು," ಎಂದು ಮಾಸ್ತರರು ರೈಫಲನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ನಮ್ಮ ಕೊಡಗಿನಲ್ಲಿ ಒಬ್ಬ ಕಾಫಿ ಬೆಳೆಗಾರನಿದ್ದ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯ ಸದ್ದು, ಮನೆಯ ಹಿರಿಯರು ತೀರಿಕೊಂಡರೂ ಕೋವಿಯ ಸದ್ದು. ಗದ್ದೆಯಾಚೆಯ ಮನೆಯವರಿಗೆ ಸುದ್ದಿ ಮುಟ್ಟುವುದೇ ಹಾಗೆ. ಅದಕ್ಕೇ ನಮ್ಮ ಜನ ಕೋವಿಯನ್ನು ಕಿವಿಯಿಂದ ಅಳೆಯುತ್ತಾರೆ. ಸದ್ದು ದೊಡ್ಡದಾದರೆ ಕೋವಿ ದೊಡ್ಡದು, ಕೋವಿ ದೊಡ್ಡದಾದರೆ ಮನೆತನ ದೊಡ್ಡದು. ಬೇರೆ ಊರಿನವರಿಗೆ ಇದು ಹುಚ್ಚು ಅನ್ನಿಸಬಹುದು. ನನಗೂ ಆಗಾಗ ಹಾಗೇ ಅನ್ನಿಸುತ್ತದೆ.

ಆ ಊರಿನಲ್ಲಿ ಕೈಲ್ ಮುಹೂರ್ತದ ಹಬ್ಬದಂದು ಕೋವಿಗಳಿಗೆ ಹೂ ಮುಡಿಸಿ ಪೂಜೆ ಮಾಡಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಿದ್ದರು. ಕಾಯಿಯನ್ನು ಮರಕ್ಕೆ ಕಟ್ಟುವುದು ಎಲ್ಲ ಕಡೆಯ ರೂಢಿ. ಅಲ್ಲಿಯವರು ಎದುರುಗುಡ್ಡದ ಬಂಡೆಯ ಮೇಲೆ ಇಡುತ್ತಿದ್ದರು. ನಡುವೆ ಅಗಲವಾದ ಗದ್ದೆಬಯಲು, ಬಯಲಿನಲ್ಲಿ ಒಂದು ತೊರೆ. ಮೊದಲು ಗುಂಡು ಹಾರಿಸುವ ಹಕ್ಕು ಈ ಬೆಳೆಗಾರನ ಮನೆತನದ್ದು. ಅವನ ಮುತ್ತಜ್ಜನ ಕಾಲದಿಂದಲೂ ಅದು ಹಾಗೇ ನಡೆದು ಬಂದಿತ್ತು.

ಬೆಳೆಗಾರನ ಅಪ್ಪ ತೀರಿಕೊಂಡ ಮೇಲೆ ಕೋವಿ ಇವನ ಕೈಗೆ ಬಂತು. ಮೊದಲ ವರ್ಷ ಗುಂಡು ತಪ್ಪಿತು. ಮರುವರ್ಷವೂ ತಪ್ಪಿತು. ಹಿರಿಯರು ಅವನನ್ನು ಕರೆದು, "ಬರುವ ಹಬ್ಬಕ್ಕೂ ಹೀಗಾದರೆ ಮೊದಲ ಗುಂಡು ಬೇರೆ ಮನೆಗೆ ಹೋಗುತ್ತದೆ, ಬೇಜಾರು ಮಾಡಿಕೊಳ್ಳಬೇಡ," ಎಂದರು. ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ? ಅವನಿಗೆ ಊಟ ಸೇರಲಿಲ್ಲ. ಅಪ್ಪನ ಪಟದ ಮುಂದೆ ನಿಲ್ಲುವುದಕ್ಕೂ ನಾಚಿಕೆಯಾಯಿತು.

ಅವನು ನಿನ್ನ ಹಾಗೆಯೇ ಲೆಕ್ಕ ಹಾಕಿದ. ಗದ್ದೆಬಯಲಿನ ಗಾಳಿ ಗುಂಡನ್ನು ತಳ್ಳುತ್ತಿದೆ, ಇನ್ನೂ ದೊಡ್ಡ ಗುಂಡು ಬೇಕು ಎಂದುಕೊಂಡ. ಎಲ್ಲಿಂದಲೋ ಇನ್ನೂ ದಪ್ಪ ನಳಿಕೆಯ ರೈಫಲ್ ತರಿಸಿದ. ಬೇಸಿಗೆಯಲ್ಲಿ ಅದನ್ನು ಮೊದಲು ಹಾರಿಸಿದಾಗ ಗುಡ್ಡಗಳೆಲ್ಲ ಗುಡುಗಿದವು. ಗದ್ದೆಯಾಚೆಯಿಂದ ಜನ ಕೂಗಿ ಭೇಷ್ ಎಂದರು. ಗುಂಡು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಅವನೂ ಕೇಳಿಕೊಳ್ಳಲಿಲ್ಲ. ಹೆಗಲು ನೀಲಿಗಟ್ಟಿತು, ಕಾಯಿ ಮಾತ್ರ ಬಂಡೆಯ ಮೇಲೆ ಹಾಯಾಗಿ ಕೂತಿತ್ತು.

ಆಗ ಅವನ ಅಕ್ಕ ತವರಿಗೆ ಬಂದಳು. ಅಪ್ಪನ ಜೊತೆ ಗುರಿ ಹೊಡೆದು ಬೆಳೆದವಳು ಅವಳು. ತಮ್ಮನ ಅಭ್ಯಾಸವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಪಕ್ಕದಲ್ಲಿ ಕೂತು, "ತೋಟಾ ನಾನು ಹಾಕಿಕೊಡ್ತೀನಿ, ನೀನು ಹೊಡೀತಾ ಹೋಗು," ಎಂದಳು.

ಅವಳು ಹಾಕಿಕೊಟ್ಟಳು, ಇವನು ಹೊಡೆದ. ಇನ್ನೊಂದು ಹಾಕಿಕೊಟ್ಟಳು, ಹೊಡೆದ. ಮತ್ತೊಮ್ಮೆ ತೋಟಾ ಹಾಕಿದ ಹಾಗೆ ಮಾಡಿ ಬರಿದಾದ ರೈಫಲನ್ನೇ ಅವನ ಕೈಗೆ ಕೊಟ್ಟಳು. ಇವನಿಗೆ ಅದು ಗೊತ್ತಾಗಲಿಲ್ಲ. ಕಾಯಿಗೆ ಗುರಿಯಿಟ್ಟು ಟ್ರಿಗರ್ ಎಳೆದ. ಟಕ್ ಎಂದಿತು, ಅಷ್ಟೆ. ಆದರೆ ನಳಿಕೆಯ ತುದಿ ನೆಲದ ಕಡೆಗೆ ಜಗ್ಗಿತು. ಅವನ ಕಣ್ಣು ಬಿಗಿಯಾಗಿ ಮುಚ್ಚಿತ್ತು.

"ಗಾಳಿ ಇಲ್ಲ, ಗುಂಡೂ ಇಲ್ಲ," ಎಂದಳು ಅಕ್ಕ. "ಮತ್ತೆ ಕೋವಿ ಯಾಕೋ ತಲೆ ಬಗ್ಗಿಸ್ತು?"

ಆಗ ಅವನಿಗೆ ಹೊಳೆಯಿತು. ಕೋವಿ ಹಿಂದಕ್ಕೆ ಒದೆಯುತ್ತದೆಂದು ಹೆಗಲಿಗೆ ಮೊದಲೇ ಗೊತ್ತಿತ್ತು. ಗುಂಡು ಹೊರಡುವ ಮುಂಚೆಯೇ ಅದು ಹೆದರಿ ಮುದುಡುತ್ತಿತ್ತು, ಕಣ್ಣು ಮುಚ್ಚುತ್ತಿತ್ತು. ಹೊಡೆದ ಪ್ರತಿಯೊಂದು ಗುಂಡನ್ನೂ ಅವನು ಕುರುಡನಾಗಿಯೇ ಹೊಡೆದಿದ್ದ. ಅವಮಾನದಿಂದ ಅವನ ಕಿವಿ ಕೆಂಪಾಯಿತು.

ಅಕ್ಕ ಅವನನ್ನು ಬೈಯಲಿಲ್ಲ. ಗಂಡನ ಮನೆಯಿಂದ ತಂದಿದ್ದ, ಮೇಲೆ ದುರ್ಬೀನು ಕೂರಿಸಿದ ಸಣ್ಣ ನಳಿಕೆಯ ರೈಫಲನ್ನು ಮರುದಿನ ಬೆಳಿಗ್ಗೆ ಅವನ ಕೈಗಿಟ್ಟಳು. "ಇವತ್ತು ಕಾಯಿಗೆ ತಾಗಿಸೋದು ಬೇಡ. ಹೊಡೆದ ಮೇಲೂ ದುರ್ಬೀನಿನೊಳಗೆ ನೋಡ್ತಾನೇ ಇರು," ಎಂದಳು.

ಅವನು ಬೋರಲು ಮಲಗಿದ, ನಿಮಗೆ ನಾನು ಕಲಿಸಿದ ಹಾಗೆಯೇ. ಉಸಿರು ಬಿಟ್ಟು, ಟ್ರಿಗರ್ ಎಳೆದ. ರೈಫಲ್ ಹೆಗಲನ್ನು ಮೆಲ್ಲಗೆ ತಟ್ಟಿತು. ಕಣ್ಣು ಮುಚ್ಚಲಿಲ್ಲ.

ಆಗ ಅವನು ಕಂಡ.

ಗುಂಡು ಹೋದ ದಾರಿಯುದ್ದಕ್ಕೂ ಗಾಳಿಯಲ್ಲಿ ಒಂದು ಗೆರೆ. ನಿಂತ ನೀರಿನಲ್ಲಿ ಬೆರಳು ಎಳೆದರೆ ಏಳುತ್ತದಲ್ಲ, ಅಂಥದು. ಅದು ಮೇಲಕ್ಕೆ ಏರಿತು. ಗದ್ದೆಯ ಮೇಲೆ ಬಲಕ್ಕೆ ವಾಲಿತು. ತೊರೆಯ ಮೇಲೆ ಹೋದಾಗ ಯಾರೋ ಕರೆದ ಹಾಗೆ ಎಡಕ್ಕೆ ತಿರುಗಿತು. ಕೊನೆಗೆ ಬಾಗಿ ಇಳಿದು ಕಾಯಿಯ ಎಡಗಡೆಯ ಬಂಡೆಯನ್ನು ಮುಟ್ಟಿತು. ಬಂಡೆಯಿಂದ ಧೂಳೆದ್ದಿತು. ಇಷ್ಟೆಲ್ಲ ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮುಗಿದು ಹೋಯಿತು.

ಗುರಿ ತಪ್ಪಿತ್ತು. ಆದರೆ ಅವನ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ನೋಡಿದ ಬಯಲು ಅದು. ಅದರ ಮೇಲೆ ಕಣ್ಣಿಗೆ ಕಾಣದ ಗಾಳಿಯ ಹೊಳೆಯೊಂದು ಹರಿಯುತ್ತಿತ್ತು, ಅದಕ್ಕೂ ಸುಳಿಯಿತ್ತು, ತಿರುವಿತ್ತು. ಅಪ್ಪ ಇದನ್ನು ನೋಡಿದ್ದಿರಬೇಕು. ಮುತ್ತಜ್ಜನೂ ನೋಡಿದ್ದಿರಬೇಕು. ಅವನು ರೈಫಲನ್ನು ಕೆಳಗಿಟ್ಟು ಎರಡೂ ಕೈ ಮುಗಿದ. ಯಾರಿಗೆ ಮುಗಿದನೆಂದು ಅವನಿಗೂ ತಿಳಿಯಲಿಲ್ಲ. ಕಣ್ಣಲ್ಲಿ ನೀರಿತ್ತು. ಅಕ್ಕ ಅವನ ಬೆನ್ನು ಸವರಿದಳು.

ಹಬ್ಬ ಬಂತು. ಅವನು ಸಣ್ಣ ರೈಫಲ್ ಹಿಡಿದು ಬಂದಾಗ ನೆಂಟರೆಲ್ಲ ನಕ್ಕರು. "ಈ ಸದ್ದಿಗೆ ಕಾವು ಕೂತ ಕೋಳಿಯೂ ಏಳೋದಿಲ್ಲ," ಎಂದು ಚಿಕ್ಕಪ್ಪ ಛೇಡಿಸಿದ. ಎರಡು ಗುಂಡಿಗೆ ಅವಕಾಶವಿತ್ತು. ಮೊದಲನೆಯದು ಕಾಯಿಯ ಎಡಕ್ಕೆ ಹೋಗಿ ತಪ್ಪಿತು. ಹಿರಿಯರು ತಲೆ ತಗ್ಗಿಸಿದರು. ಇವನ ಮುಖದಲ್ಲಿ ಮಾತ್ರ ಗಾಬರಿಯಿರಲಿಲ್ಲ. ಆ ದಿನದ ಹೊಳೆ ಎಲ್ಲಿ ತಿರುಗುತ್ತಿದೆ ಎಂದು ಆ ಗುಂಡು ಅವನಿಗೆ ತೋರಿಸಿಕೊಟ್ಟಿತ್ತು. ಗುರಿಯನ್ನು ಅಷ್ಟು ಬಲಕ್ಕೆ ಸರಿಸಿ ಎರಡನೆಯದನ್ನು ಹೊಡೆದ. ಎದುರುಗುಡ್ಡದ ಮೇಲೆ ಕಾಯಿ ಚೂರಾಯಿತು. ಮೊದಲ ಗುಂಡಿನ ಹಕ್ಕು ಆ ಮನೆಯಲ್ಲೇ ಉಳಿಯಿತು.

ಇಷ್ಟು ಹೇಳಿ ಮಾಸ್ತರರು ಮತ್ತೆ ನಳಿಕೆ ಒರೆಸತೊಡಗಿದರು.

ಲೋಹಿತ ತಟ್ಟನೆ ಎದ್ದು ನಿಂತ. "ತಿಳಿಯಿತು ಗುರುಗಳೇ. ಸಣ್ಣದೇ ಸರಿ. ನಾಳೆ ಸಣ್ಣದನ್ನೇ ಹೇಳುತ್ತೇನೆ."

"ಕೂತುಕೋ," ಎಂದರು ಮಾಸ್ತರರು. "ನೀನು ಕತೆಗಿಂತ ಮುಂದೆ ಓಡುತ್ತೀಯ."

ಕಾಯಿ ಒಡೆದ ಖುಷಿಗೆ ಜನ ಕುಣಿಯುತ್ತಿರುವಾಗ ಅಕ್ಕ ಒಳಗೆ ಹೋಗಿ, ಪೂಜೆಗೆ ಇಟ್ಟಿದ್ದ ಆ ದಪ್ಪ ನಳಿಕೆಯ ರೈಫಲನ್ನು ಎತ್ತಿಕೊಂಡು ಬಂದಳು. ಬಂಡೆಯ ಮೇಲೆ ಇನ್ನೊಂದು ಕಾಯಿ ಇಡಿಸಿದಳು. ಹೂವು ತೆಗೆದಿಟ್ಟು ಮಲಗಿ ಹೊಡೆದಳು. ಗುಡ್ಡಗಳು ಗುಡುಗಿದವು. ಪಕ್ಕದಲ್ಲಿ ನಿಂತವರೆಲ್ಲ ಕಣ್ಣು ಮುಚ್ಚಿದರು. ಅವಳು ರೆಪ್ಪೆ ಬಡಿಯದೆ ಗುಂಡಿನ ಗೆರೆಯನ್ನೇ ನೋಡುತ್ತಿದ್ದಳು. ಕಾಯಿ ಇನ್ನೂ ಇಡಿಯಾಗಿ ಕೂತಿರುವಾಗಲೇ, "ಹೋಯ್ತು" ಎಂದಳು. ಆಮೇಲೆ ಅದು ಒಡೆಯಿತು. ನೋಡುತ್ತಿದ್ದ ಹಿರಿಯರು ಬಾಯಿ ಬಿಟ್ಟವರು ಮುಚ್ಚಲಿಲ್ಲ. ನಗುತ್ತಿದ್ದ ಚಿಕ್ಕಪ್ಪ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಲೋಹಿತ ಗೊಂದಲದಿಂದ ಕೇಳಿದ: "ಹಾಗಾದರೆ ದೊಡ್ಡದೇ ಸರಿಯೇ ಗುರುಗಳೇ? ನಾನು ಯಾವುದನ್ನು ಹಿಡಿಯಲಿ?"

ಮಾಸ್ತರರು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದರು.

"ಇವತ್ತು ನೀನು ಹೊಡೆದ ಗುಂಡುಗಳಲ್ಲಿ ಒಂದಾದರೂ ಹೋಗಿ ಮುಟ್ಟುವುದನ್ನು ನೀನು ನೋಡಿದೆಯೇನಪ್ಪಾ?"

"ಇಲ್ಲ ಗುರುಗಳೇ. ತೋಟಾ ನೀವು ಹಾಕಿಕೊಡಿ, ಯಾವುದರಲ್ಲಿ ನನ್ನ ಕಣ್ಣು ಮುಚ್ಚುವುದಿಲ್ಲವೋ ನೋಡೋಣ," ಎಂದು ಲೋಹಿತ ರೈಫಲ್ ಎತ್ತಿಕೊಂಡ.